ತೀರ್ಥಹಳ್ಳಿಯ ಮನೆಯಲ್ಲಿ ಕಾಸ್ಮಿಕ್ ಕಿರಣ ಹಿಡಿದದ್ದು

ಮೀನಿನ ಗಾಜಿನ ತೊಟ್ಟಿಯನ್ನು ಬೋರಲು ಹಾಕಿ, ಅದರ ಒಳಮೇಲ್ಭಾಗಕ್ಕೆ ದಪ್ಪ ಉಣ್ಣೆ ಬಟ್ಟೆ ಅಂಟಿಸಿದೆ. ಕೆಳಗೆ ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ ತಟ್ಟೆ. ಅಂಚಿಗೆ ಗಾಳಿ ನುಗ್ಗದ ಹಾಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ. ಇದೇ ನನ್ನ ಕ್ಲೌಡ್ ಚೇಂಬರ್, ಅಂದರೆ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಜಾಡನ್ನು ಆಲ್ಕೊಹಾಲ್ ಮಂಜಿನಲ್ಲಿ ಗೆರೆಯಾಗಿ ತೋರಿಸುವ ತೊಟ್ಟಿ.

ಮೊದಲ ಸಲ ಏನೂ ಕಾಣಲಿಲ್ಲ. ಬಟ್ಟೆಗೆ ಹಾಕಿದ್ದು ಮೆಡಿಕಲ್ ಅಂಗಡಿಯ ಸ್ಪಿರಿಟ್. ಅದರಲ್ಲಿ ನೀರು ಜಾಸ್ತಿ. ಎರಡನೇ ಸಲ 99% ಐಸೋಪ್ರೊಪೈಲ್ ಆಲ್ಕೊಹಾಲ್ ತರಿಸಿದೆ. ಡ್ರೈ ಐಸನ್ನು (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಭಾವ ಬೆಂಗಳೂರಿಂದ ಕಾರಿನ ಕಿಟಕಿ ತೆರೆದಿಟ್ಟುಕೊಂಡೇ ತಂದುಕೊಟ್ಟರು. ಐಸಿನ ಪೆಟ್ಟಿಗೆಯ ಮುಚ್ಚಳ ಬಿಗಿ ಮಾಡಬಾರದು, ಗ್ಯಾಸ್ ತುಂಬಿ ಸಿಡಿಯುತ್ತದೆ. ಐಸನ್ನು ಪುಡಿ ಮಾಡಿ ಹರಡಿ, ಅದರ ಮೇಲೆ ತಟ್ಟೆ ಕೂರಿಸಿದೆ. ಮನೆಯ ಕಿಟಕಿಯನ್ನೂ ತೆರೆದಿಟ್ಟಿದ್ದೆ.

ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ಹಿಡಿದೆ. ತಟ್ಟೆಯ ಮೇಲೆ ತೆಳ್ಳಗೆ ಸೋನೆ ಹಿಡಿದ ಹಾಗಿತ್ತು. ಕಾಲು ಗಂಟೆ ಕಳೆದ ಮೇಲೆ ಜೇಡದ ನೂಲಿನಂಥ ನೆಟ್ಟನೆಯ ಬಿಳಿ ಗೆರೆಯೊಂದು ಮೂಡಿತು, ನೋಡನೋಡುತ್ತಲೇ ಕರಗಿತು. ಮ್ಯೂವಾನ್! ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಸುಮಾರು 15 ಕಿ.ಮೀ. ಮೇಲೆ ಹುಟ್ಟುವ ಕಣ, ನಮ್ಮ ಹೆಂಚು ತೂರಿ ಬಂದದ್ದು. ಆಮೇಲೆ ಸೊಟ್ಟಗೆ ಸುತ್ತುವ ಎಲೆಕ್ಟ್ರಾನ್ ಗೆರೆಗಳೂ ಕಂಡವು. ಗಿಡ್ಡ, ದಪ್ಪ ಗೆರೆಗಳು ಮಾತ್ರ ಆಕಾಶದ್ದಲ್ಲ, ನೆಲದಿಂದ ಬರುವ ವಿಕಿರಣಶೀಲ ರೇಡಾನ್ ಅನಿಲದ್ದು. ಇವನ್ನು ಬೆರೆಸಿ ಎಣಿಸಬೇಡಿ.

"ನಮ್ಮ ಮೈಮೇಲೂ ಬೀಳುತ್ತಾ ಮಗಾ?" ಅಂದರು ಅಜ್ಜಿ. ಬೀಳುತ್ತೆ ಅಜ್ಜಿ, ಅಂಗೈ ಚಾಚಿದರೆ ಹೆಚ್ಚುಕಡಿಮೆ ಸೆಕೆಂಡಿಗೊಂದು.

ಇದೇ ಕೆಲಸಕ್ಕೆ ದಕ್ಷಿಣ ಧ್ರುವದ ತನಕ ಯಾಕೆ ಹೋಗುತ್ತಾರೆ ಅಂತ ನನಗೂ ಅನಿಸಿತ್ತು. ಬಾಹ್ಯಾಕಾಶದ ಕಣಗಳಿಗೆ ಭೂಮಿಯ ಕಾಂತಬಲ ತೋಟದ ಬೇಲಿ ಇದ್ದ ಹಾಗೆ. ನಮ್ಮ ಕಡೆ ಬೇಲಿ ಎತ್ತರ, ಬಲವಾದ ಕಣಗಳಷ್ಟೇ ದಾಟುತ್ತವೆ. ಧ್ರುವದಲ್ಲಿ ದಣಪೆ ಸರಿಸಿಟ್ಟ ಹಾಗೆ, ಕಡಿಮೆ ಶಕ್ತಿಯವೂ ಒಳಗೆ ಬರುತ್ತವೆ. ಅದೂ ಅಲ್ಲದೆ ಅಮುಂಡ್ಸೆನ್–ಸ್ಕಾಟ್ ಎಂಬ ಅಲ್ಲಿನ ಸಂಶೋಧನಾ ಕೇಂದ್ರ ಇರುವುದು 2,835 ಮೀಟರ್ ಎತ್ತರದಲ್ಲಿ, ಮೇಲೆ ಗಾಳಿಯ ಪದರ ತೆಳು. ಅಲ್ಲಿ ಕಣ ಹಿಡಿಯುವ ಏರ್ಪಾಡಾದ ಐಸ್‌ಟಾಪ್‌ನಲ್ಲಿ ಇರುವುದೂ ತೊಟ್ಟಿಗಳೇ, ಒಟ್ಟು 162. ಒಳಗೆ ತಿಳಿಯಾದ ಮಂಜುಗಡ್ಡೆ. ಕಣ ಹಾದಾಗ ಮಿನುಗುವ ನೀಲಿ ಬೆಳಕನ್ನು ಹಿಡಿದು ಲೆಕ್ಕ ಇಡುತ್ತಾರೆ. ನನ್ನ ತೊಟ್ಟಿಗೂ ಅದಕ್ಕೂ ನೆಂಟಸ್ತಿಕೆ ಇದೆ ಅಂತ ಗೊತ್ತಾದಾಗ ಆದ ಖುಷಿ ಇನ್ನೂ ಇಳಿದಿಲ್ಲ.

ಕ್ಲೌಡ್ ಚೇಂಬರಿನಲ್ಲಿ ನೋಡಬಹುದು, ಸರಿಯಾಗಿ ಎಣಿಸುವುದು ಕಷ್ಟ. ಅದಕ್ಕೇ ಈಗ ಕಣ ಹಾದಾಗ ಮಿಡಿಯುವ ಎರಡು ಗೈಗರ್ ಟ್ಯೂಬುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದೇನೆ. ಮೇಲಿಂದ ಬಂದ ಮ್ಯೂವಾನ್ ಎರಡನ್ನೂ ತೂರುತ್ತದೆ, ಹಾಗಾಗಿ ಎರಡೂ ಒಟ್ಟಿಗೇ ಮಿಡಿದರೆ ಮಾತ್ರ ಲೆಕ್ಕ. ಮಳೆ ನಿಂತ ಮೇಲೆ ಮೊದಲು ನಮ್ಮ ಜಗಲಿಯಲ್ಲಿ ಒಂದು ರಾತ್ರಿ, ಆಮೇಲೆ 1,343 ಮೀಟರಿನ ಕೊಡಚಾದ್ರಿಯಲ್ಲಿ ಒಂದು ರಾತ್ರಿ.