ಕೇರ್ ಆರ್ಡರ್ ರದ್ದಿಗೆ ಅರ್ಜಿ: ಕೋರ್ಟು ಏನನ್ನು ನೋಡುತ್ತದೆ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಮ್ಮೆ ಕೇರ್ ಆರ್ಡರ್ (ಮಗುವನ್ನು ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಆರೈಕೆಗೆ ಒಪ್ಪಿಸುವ ಕೋರ್ಟಿನ ಆದೇಶ) ಆಯಿತೆಂದರೆ, ಅದು ತಾನಾಗಿ ಮುಗಿಯುವುದು ಮಗುವಿಗೆ 18 ತುಂಬಿದಾಗ. ಅಲ್ಲಿಯವರೆಗೆ ಕಾಯುವಂತಿಲ್ಲ ಎನ್ನುವವರಿಗೆ ಮುಖ್ಯ ದಾರಿ 1989ರ ಮಕ್ಕಳ ಕಾಯ್ದೆಯ 39ನೇ ಸೆಕ್ಷನ್ ಅಡಿ ರದ್ದತಿ ಅರ್ಜಿ. ಫ್ಯಾಮಿಲಿ ಕೋರ್ಟಿನ ಪ್ರಶ್ನೆ ಒಂದೇ: ಈ ಮಗುವಿಗೆ ಇವತ್ತು ಯಾವುದು ಒಳ್ಳೆಯದು? ಅಪ್ಪ-ಅಮ್ಮ ಎಷ್ಟು ಬದಲಾದರು ಎಂಬುದು ಆ ಪ್ರಶ್ನೆಯ ಒಂದು ಪಾಲು ಮಾತ್ರ. ಇದು ಮನಸ್ಸಿಗೆ ಇಳಿಯದೆ ಹಾಕಿದ ಅರ್ಜಿ ನಿಲ್ಲುವುದು ಕಷ್ಟ.

ಮೊದಲು, ಅರ್ಜಿ ಹಾಕುವ ಹಕ್ಕು ಇದೆಯೇ ನೋಡಿಕೊಳ್ಳಿ. ಪೋಷಕ ಹೊಣೆ (ಮಗುವಿನ ವಿಷಯದಲ್ಲಿ ನಿರ್ಧರಿಸುವ ಕಾನೂನಿನ ಹಕ್ಕು-ಕರ್ತವ್ಯ) ಉಳ್ಳವರು, ಸ್ವತಃ ಮಗು, ಕೌನ್ಸಿಲ್ – ಈ ಮೂವರಿಗೆ ಇದೆ. ಆರ್ಡರ್ ಆದಮೇಲೂ ತಾಯಿಯ ಹೊಣೆ ಕಳೆದುಹೋಗಿರುವುದಿಲ್ಲ, ಕೌನ್ಸಿಲ್ ಜೊತೆ ಹಂಚಿಕೆಯಾಗಿರುತ್ತದೆ. ಆ ಹೊಣೆ ಇಲ್ಲದ ಅಜ್ಜಿ-ತಾತಂದಿರ ದಾರಿ ಬೇರೆ. ಅವರಿಗೆ ಸ್ಪೆಷಲ್ ಗಾರ್ಡಿಯನ್‌ಶಿಪ್ ಆದೇಶ (ಮಗುವನ್ನು ಸಾಕುವ ಹೊಣೆಯನ್ನು ಹೆತ್ತವರಲ್ಲದವರಿಗೆ ಕೊಡುವ ಆದೇಶ) ಸಿಕ್ಕಿದರೆ ಕೇರ್ ಆರ್ಡರ್ ಅದರೊಂದಿಗೇ ಕೊನೆಯಾಗುತ್ತದೆ.

ಕೋರ್ಟಿಗಿಂತ ಮುಂಚೆ ರಿವ್ಯೂ ಸಭೆಯಲ್ಲಿ ಮಾತೆತ್ತಿ. ಕೌನ್ಸಿಲ್ ಆರೈಕೆಯಲ್ಲಿರುವ ಮಗುವಿನ ಪರಿಸ್ಥಿತಿಯನ್ನು ಆರು ತಿಂಗಳಿಗೊಮ್ಮೆಯಾದರೂ ಸ್ವತಂತ್ರ ಅಧಿಕಾರಿಯೊಬ್ಬರ ಮುಂದೆ ಪರಿಶೀಲಿಸಲೇಬೇಕು. ಆರ್ಡರ್ ಇನ್ನೂ ಯಾಕೆ ಬೇಕು ಎಂದು ಅಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೌನ್ಸಿಲ್ ಒಪ್ಪಿದರೆ ಅರ್ಧ ದಾರಿ ಸವೆದಂತೆ.

ಇನ್ನು ಸಾಕ್ಷ್ಯ. ಹೆಚ್ಚು ದುಡಿಯಬೇಕಾದ್ದು ಇಲ್ಲಿಯೇ, ಏಕೆಂದರೆ ರದ್ದು ಮಾಡುವುದು ಮಗುವಿಗೆ ಹಿತ ಎಂದು ತೋರಿಸುವ ಭಾರ ಅರ್ಜಿದಾರರದು. ಆರ್ಡರ್ ಆಗಲು ಕಾರಣ ಕುಡಿತವಾಗಿದ್ದರೆ ಪರೀಕ್ಷೆಯ ವರದಿಗಳು ಬೇಕು. ಮನೆಯೊಳಗಿನ ಹೊಡೆತವಾಗಿದ್ದರೆ, ಹೊಡೆದವನು ಈಗ ಎಲ್ಲಿದ್ದಾನೆ ಎಂಬುದಕ್ಕೆ ನೇರ ಉತ್ತರ ಬೇಕು. ಹಳೆಯ ತೀರ್ಪಿನಲ್ಲಿ ಸಾಬೀತಾದದ್ದನ್ನು ಅಲ್ಲಗಳೆಯುತ್ತಾ ಕೂರಬೇಡಿ. ಜೊತೆಗೆ ಮಗುವಿನ ದಿನಗಳನ್ನು ಬರೆದಿಡಿ. ಉದಾಹರಣೆಗೆ, ವಾರಾಂತ್ಯದ ಭೇಟಿಗೆ ಶುಕ್ರವಾರ ಸಂಜೆ ಮಗು ನಿಮ್ಮ ಮನೆಗೆ ಬಂದಾಗ ಚೀಲದಲ್ಲಿ ಇನ್‌ಹೇಲರ್ ಇತ್ತೇ, ರಾತ್ರಿ ಬೆಚ್ಚಿ ಎದ್ದಾಗ ಯಾರ ಹತ್ತಿರ ಓಡಿಬಂತು, ಭಾನುವಾರ ಹೊರಡುವಾಗ ಶೂ ಹಾಕಿಕೊಳ್ಳಲು ಎಷ್ಟು ತಡಮಾಡಿತು. ‘ನಾನು ಪೂರ್ತಿ ಬದಲಾಗಿದ್ದೇನೆ’ ಎಂಬ ಹತ್ತು ಸಾಲಿಗಿಂತ ಇಂಥ ಒಂದು ಪುಟಕ್ಕೆ ತೂಕ ಹೆಚ್ಚು ಎಂದೇ ನಾನು ನಂಬುತ್ತೇನೆ.

ವಿಚಾರಣೆಯಲ್ಲಿ ಮಗುವಿನ ಪರವಾಗಿ ಗಾರ್ಡಿಯನ್ ಒಬ್ಬರು ಇರುತ್ತಾರೆ. ಇಂಗ್ಲೆಂಡ್‌ನಲ್ಲಿ ಅವರು ಕಾಫ್ಕಾಸ್ ಎಂಬ, ಫ್ಯಾಮಿಲಿ ಕೋರ್ಟಿನಲ್ಲಿ ಮಕ್ಕಳ ಹಿತ ನೋಡುವ ಸಂಸ್ಥೆಯವರು. ಅವರ ವರದಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲ ಸಲ ಕೇರ್ ಆರ್ಡರ್ ಕೇಳುವಾಗ ‘ಗಂಭೀರ ಹಾನಿ’ಯನ್ನು ಕೌನ್ಸಿಲ್ ಸಾಬೀತು ಮಾಡಬೇಕಿತ್ತು. ರದ್ದತಿ ಅರ್ಜಿಗೆ ಆ ಮಾನದಂಡ ಅನ್ವಯಿಸುವುದಿಲ್ಲ, ವಿಚಾರಣೆಯ ದಿನದ ಹಿತವೇ ಅಳತೆಗೋಲು ಎಂದು ಮೇಲ್ಮನವಿ ನ್ಯಾಯಾಲಯ 2021ರಲ್ಲಿ ಸ್ಪಷ್ಟಪಡಿಸಿದೆ. ವಯಸ್ಸಿಗೆ ತಕ್ಕಂತೆ ಮಗುವಿನ ಇಷ್ಟ, ಅದರ ಅಗತ್ಯಗಳು, ಜಾಗ ಬದಲಾದರೆ ಆಗುವ ಪರಿಣಾಮ, ಹಾನಿಯ ಭಯ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆರು ವರ್ಷದಿಂದ ಒಂದೇ ಫಾಸ್ಟರ್ ಮನೆಯಲ್ಲಿ (ಕೌನ್ಸಿಲ್ ಪರವಾಗಿ ಮಗುವನ್ನು ಸಾಕುವವರ ಮನೆಯಲ್ಲಿ) ಬೇರುಬಿಟ್ಟು, ‘ಇಲ್ಲೇ ಇರುತ್ತೇನೆ’ ಎನ್ನುವ ಮಗುವಿನ ವಿಷಯದಲ್ಲಿ ಆರ್ಡರ್ ಮುಂದುವರಿಯುವುದೇ ಸರಿಯಾಗಬಹುದು. ತಾಯಿ ನಿಜವಾಗಿ ಸುಧಾರಿಸಿದ್ದರೂ ಸಹ. ಇದನ್ನು ಬರೆಯುವುದು ನನಗೂ ಸುಲಭವಲ್ಲ.

ಮಗು ಆಗಲೇ ಮನೆಗೆ ಮರಳಿ, ವರ್ಷಗಟ್ಟಲೆ ಚೆನ್ನಾಗಿದ್ದರೆ? ಆಗ ‘ಇರಲಿ, ಎಚ್ಚರಿಕೆಗೆ’ ಎಂದು ಆರ್ಡರನ್ನು ಎಳೆಯುವುದು ಅನ್ಯಾಯ. ಒಂದು ವಾರ ಹೊರದೇಶಕ್ಕೆ ಕರೆದೊಯ್ಯಲೂ ತಾಯಿ ಕೌನ್ಸಿಲ್‌ನ ಲಿಖಿತ ಒಪ್ಪಿಗೆಗೆ ಕಾಯಬೇಕು. ಮಗುವನ್ನು ಹೆತ್ತವರ ಮನೆಯಲ್ಲೇ ಇಟ್ಟು ಕೇರ್ ಆರ್ಡರ್ ಮಾಡುವುದು ಅಪರೂಪವಾಗಿರಬೇಕು, ನೆರವಿನ ಸೇವೆ ಒದಗಿಸುವ ನೆಪಕ್ಕೆ ಅದನ್ನು ಬಳಸಬಾರದು ಎಂದು ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಹೇಳಿದೆ. ಇನ್ನೂ ಸ್ವಲ್ಪ ಕಣ್ಣಿಡಬೇಕು ಎನಿಸಿದರೆ ಕೇರ್ ಆರ್ಡರ್ ಜಾಗದಲ್ಲಿ ಸೂಪರ್‌ವಿಷನ್ ಆರ್ಡರ್ (ಪೋಷಕ ಹೊಣೆ ಕೌನ್ಸಿಲ್‌ಗೆ ಹೋಗದ, ಮೇಲ್ವಿಚಾರಣೆಯ ಆದೇಶ) ಮಾಡಲು ಕೋರ್ಟಿಗೆ ಅವಕಾಶವಿದೆ. ಅದನ್ನೂ ಅರ್ಜಿಯಲ್ಲೇ ಕೇಳಿಡಿ.

ಹದಿಹರೆಯದವರ ಪೋಷಕರು ಒಂದು ನಿಮಿಷ ನಿಲ್ಲಿ. ಕೇರ್ ಬಿಟ್ಟು ಹೊರಬರುವ ಯುವಕರಿಗೆ ಕೌನ್ಸಿಲ್ ಕೊಡಬೇಕಾದ ನೆರವು, 14ರ ನಂತರ ಎಷ್ಟು ದಿನ ಅದರ ಆರೈಕೆಯಲ್ಲಿದ್ದರು, 16 ದಾಟಿದ ಮೇಲೂ ಇದ್ದರೇ ಎಂಬುದನ್ನು ಅವಲಂಬಿಸಿದೆ. ಹದಿನೈದೂಮುಕ್ಕಾಲಿನಲ್ಲಿ ಆರ್ಡರ್ ತೆಗೆಸುವ ಮುನ್ನ ವಕೀಲರನ್ನು ಕೇಳಿಕೊಳ್ಳಿ. ಅರ್ಜಿ ತಿರಸ್ಕೃತವಾದರೆ, ಕೋರ್ಟಿನ ಅನುಮತಿ ಇಲ್ಲದೆ ಆರು ತಿಂಗಳು ಮತ್ತೆ ಹಾಕುವಂತಿಲ್ಲ. ತೀರ್ಪಿನಲ್ಲಿ ಯಾವುದು ಸಾಲದೆಂದು ಬರೆದಿದೆಯೋ, ಆ ಅವಧಿಯಲ್ಲಿ ಅದನ್ನೇ ಸರಿಪಡಿಸಿ, ವಾರವಾರದ ದಾಖಲೆ ಇಡುತ್ತಾ ಬನ್ನಿ.