ಐದನೇ ಗುಬ್ಬಿ ಪುಕ್ಕಟೆ: ಸತ್ಯವೇದ ಹಿಡಿದು ಲೆಕ್ಕ, ಪರಿಸರ ಕಲಿಸಿದ ನನ್ನ ಅನುಭವ

ಸಂಡೇ ಸ್ಕೂಲ್ ಬೇರೆ, ಟ್ಯೂಷನ್ ಬೇರೆ, ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ. ಶಾಲೆಯ ಪಾಠಗಳನ್ನೇ ಸತ್ಯವೇದ, ಅಂದರೆ ಬೈಬಲ್, ಹಿಡಿದು ಕಲಿಸುತ್ತೇನೆ ಅಂದಾಗ ನಮ್ಮ ಚರ್ಚಿನ ಸಭಾ ಕಮಿಟಿಯಲ್ಲಿ ನನಗೆ ಮೊದಲು ಸಿಕ್ಕ ಉತ್ತರ ಇದು. ಹಾಗೆ ಹೇಳಿದ ಹಿರಿಯರ ಮೊಮ್ಮಗಳು ಈಗ ನನ್ನ ಕ್ಲಾಸಿನಲ್ಲಿ ಮುಂದಿನ ಸಾಲಲ್ಲೇ ಕೂರುತ್ತಾಳೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಜಾಗ ಮಂಗಳೂರು ಕಡೆ, ಚರ್ಚ್ ಪಕ್ಕದ ಹಾಲ್, ಸಂಜೆ ಐದರಿಂದ ಏಳು. ಒಂದರಿಂದ ಐದನೇ ತರಗತಿ ಮಕ್ಕಳು, ಕನ್ನಡ ಮಾಧ್ಯಮ, ರಾಜ್ಯ ಪಠ್ಯಕ್ರಮ. ನಲಿಕಲಿ (ಆಡುತ್ತಾ ಕಲಿಯುವ ಪದ್ಧತಿ) ಕಾರ್ಡು, ಎಣಿಸುವ ಮಣಿಚೌಕಟ್ಟು, ಪಾಠ ಯೋಜನೆ ಎಲ್ಲ ನಿಮಗೂ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ಶಾಲೆಯ ಗಣಿತ, ಕನ್ನಡ, ಪರಿಸರ ಅಧ್ಯಯನವನ್ನೇ ಕ್ರೈಸ್ತ ದೃಷ್ಟಿಯಿಂದ ಕಲಿಸಬೇಕು, ಅದರಿಂದ ಶಾಲೆಯ ಮಾರ್ಕ್ಸೂ ಮೇಲೆ ಬರಬೇಕು. ನನ್ನ ಹಟ ಇಷ್ಟೇ.

ಮೊದಲು ದುಡ್ಡು ಕಳೆದ ಕಥೆ ಹೇಳುತ್ತೇನೆ. ಅಮೆರಿಕದ ಹೋಮ್‌ಸ್ಕೂಲ್ ಪುಸ್ತಕಗಳ ಒಂದು ಸೆಟ್ ತರಿಸಿದೆ. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಮೂವತ್ತೈದು ಸಾವಿರದ ಹತ್ತಿರ ಆಯಿತು. ಬಣ್ಣ, ಕಾಗದ, ಬೈಂಡಿಂಗ್ ಎಲ್ಲ ಬಹಳ ಚೆನ್ನ. ಒಳಗೆ ನೋಡಿದರೆ ಡೈಮು, ನಿಕಲ್ಲು ಅನ್ನುವ ಅವರ ನಾಣ್ಯಗಳು, ಹಿಮದ ಗೊಂಬೆ, ಫ್ಯಾರನ್‌ಹೀಟು, ಪುಟಕ್ಕೊಂದು ಸೇಬಿನ ತೋಟ. ನಮ್ಮ ಮಕ್ಕಳು ಮನೆಯಲ್ಲಿ ಸೇಬು ನೋಡುವುದು ಯಾರಿಗಾದರೂ ಜ್ವರ ಬಂದಾಗ. ಸರಿ, ಅದನ್ನು ಕನ್ನಡಕ್ಕೆ ತಂದುಕೊಳ್ಳೋಣ ಅಂತ ರಾತ್ರಿ ಕೂತು ಬರೆದೆ. ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ಏಳು ಕೂಡಿಸು ಐದು ಅನ್ನುವ ಲೆಕ್ಕದ ಪಕ್ಕ ಒಂದು ಶಿಲುಬೆ ಚಿತ್ರ, ಪುಟದ ಕೆಳಗೆ ಒಂದು ಬೈಬಲ್ ವಚನ, ಅಷ್ಟೇ. ಚಿತ್ರ ತೆಗೆದರೆ ಅದು ಎಲ್ಲರೂ ಮಾಡುವ ಲೆಕ್ಕ. ಇದರಲ್ಲಿ ದೃಷ್ಟಿ ಎಲ್ಲಿ ಬಂತು? ಕೊನೆಗೆ ಸೆಟ್ಟು ರದ್ದಿಗೆ ಹೋಯಿತು. ಕೆಜಿಗೆ ಹತ್ತೋ ಹನ್ನೆರಡೋ ಕೊಟ್ಟ.

ಆಮೇಲೆ ನಾನೇ ಹಾಳೆ ಮಾಡಿದೆ. ಪ್ರತಿ ಪಾಠಕ್ಕೆ ಒಂದು ಬಾಯಿಪಾಠ ವಚನ, ಹೇಳಿದವರಿಗೆ ಪೆನ್ಸಿಲ್. ಮಕ್ಕಳು ವಚನ ಗಡಗಡ ಒಪ್ಪಿಸುತ್ತಿದ್ದರು. 402ರಲ್ಲಿ 178 ಕಳೆ ಅಂದರೆ ಮಾತ್ರ ಸೊನ್ನೆ ಹತ್ತಿರ ಬಂದು ನಿಲ್ಲುತ್ತಿದ್ದರು. ತಾಯಂದಿರಿಗೆ ಕಾಣದೇ ಇರುತ್ತದೆಯೇ? ಮೂವತ್ತರ ಹತ್ತಿರ ಇದ್ದ ಮಕ್ಕಳು ಎಂಟೊಂಬತ್ತಕ್ಕೆ ಇಳಿದರು. ತಿಂಗಳಿಗೆ ಇನ್ನೂರು ರೂಪಾಯಿ ಫೀಸು, ಅದೂ ಅರ್ಧ ಜನ ಕೊಡುತ್ತಿರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸಾಲ.

ಪರಿಸರ ಅಧ್ಯಯನದ ಕಥೆ ಇನ್ನೂ ಮಜಾ. ಮಳೆ ಹೇಗೆ ಬರುತ್ತದೆ? ದೇವರು ಕೊಡುತ್ತಾನೆ. ಬೀಜ ಹೇಗೆ ಮೊಳೆಯುತ್ತದೆ? ದೇವರು ಮೊಳೆಸುತ್ತಾನೆ. ಎಲ್ಲದಕ್ಕೂ ಒಂದೇ ಉತ್ತರ, ತಪ್ಪು ಅನ್ನುವ ಹಾಗೂ ಇಲ್ಲ. ನಮ್ಮ ಪಾಸ್ಟರ್‌ಗೆ ಖುಷಿ. ನನಗೆ ತಲೆನೋವು, ಏಕೆಂದರೆ ಆ ಉತ್ತರ ಬಂದ ಮೇಲೆ ಯಾವ ಮಗುವೂ ಕಿಟಕಿಯಿಂದ ಹೊರಗೆ ನೋಡುತ್ತಿರಲಿಲ್ಲ. ಆಗ ಒಂದು ನಿಯಮ ಮಾಡಿದೆ. "ಯಾರು" ಅಂತ ಕೇಳಿದರೆ ಆ ಉತ್ತರ ಕೊಡಬಹುದು. "ಹೇಗೆ" ಅಂತ ಕೇಳಿದರೆ ಕೈಯಲ್ಲಿ ಏನಾದರೂ ಮಾಡಿ ತೋರಿಸಬೇಕು.

ದಾರಿ ಸಿಕ್ಕಿದ್ದು ಗುಬ್ಬಿಯಿಂದ. ಬೈಬಲಿನ ಮತ್ತಾಯ ಪುಸ್ತಕದ 10ನೇ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕ 12ರಲ್ಲಿ ಎರಡು ಕಾಸಿಗೆ ಐದು. ಎರಡನ್ನೂ ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತೆ. ನಾಲ್ಕನೇ ತರಗತಿಯ ಹುಡುಗನೊಬ್ಬ, ಮೀನು ಮಾರುವವರ ಮನೆಯವನು, "ಟೀಚರ್, ನಾಲ್ಕು ತಗೊಂಡ್ರೆ ಒಂದು ಫ್ರೀ" ಅಂದ. ಅಷ್ಟೇ ಸಾಕಾಯಿತು. ಹಾಗಾದರೆ ಆರು ಕಾಸಿಗೆ ಎಷ್ಟು ಗುಬ್ಬಿ? ಒಂದೊಂದು ಕಾಸಿನ ಹಾಗೆ ಆರು ಸಲ ಕೊಂಡರೆ ಎಷ್ಟು ನಷ್ಟ? ಹದಿನೈದು, ಹನ್ನೆರಡು, ಮೂರು ನಷ್ಟ. ಗುಣಾಕಾರ, ವ್ಯವಕಲನ, ಬೆಲೆ ಹೋಲಿಕೆ ಎಲ್ಲ ಒಂದೇ ಏಟಿಗೆ. ಲೆಕ್ಕ ಮುಗಿದ ಮೇಲೆ ಲೂಕನ ವಚನ ಪೂರ್ತಿ ಓದಿಸಿದೆ, ಆ ಐದರಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲ ಅನ್ನುವುದು. ಪುಕ್ಕಟೆ ಕೊಟ್ಟ ಐದನೆಯದನ್ನೂ ಅಂತ ನಾನು ಹೇಳಲೇ ಇಲ್ಲ, ಅವರೇ ಹೇಳಿದರು. ವಚನ ಲೆಕ್ಕದ ಕೆಳಗೆ ಅಂಟಿಸುವುದಲ್ಲ, ಲೆಕ್ಕವೇ ವಚನದ ಒಳಗಿರಬೇಕು. ಅಂಥ ಜಾಗಗಳನ್ನು ಮಾತ್ರ ಹುಡುಕಬೇಕು. ಸಿಗದಿದ್ದರೆ ಅವತ್ತು ಸುಮ್ನೆ ಲೆಕ್ಕ ಮಾಡಿಸಬೇಕು, ಬೈಬಲ್ ತೆಗೆಯಲೇಬಾರದು. ಭಾಗಾಕಾರದ ಹಂತಗಳನ್ನು ಕಲಿಸುವಾಗ ನಾನು ಯಾವ ವಚನವನ್ನೂ ಹೇಳುವುದಿಲ್ಲ.

ಅಳತೆಗೆ ನೋಹನ ನಾವೆ, ಜಲಪ್ರಳಯದ ಕಥೆಯ ದೊಡ್ಡ ಹಡಗು. ಆದಿಕಾಂಡ 6ರಲ್ಲಿ ಉದ್ದ 300 ಮೊಳ, ಅಗಲ 50, ಎತ್ತರ 30. ನಮ್ಮ ಕಡೆ ಮಲ್ಲಿಗೆಯನ್ನು ಮೊಳದಲ್ಲಿ ಮಾರುವುದಿಲ್ಲ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದರ ಗುಣಾಕಾರ ಬೇರೆ ದಿನ ಮಾಡಿಸಿದೆ. ಮೊಳ ಗೊತ್ತಿಲ್ಲದ ಕಾರಣ, ಅದು ಏನು ಅಂತ ಮಕ್ಕಳು ಅಜ್ಜಿಯರನ್ನು ಕೇಳಿಕೊಂಡು ಬಂದರು. ತಮ್ಮ ತಮ್ಮ ಮೊಣಕೈಯಿಂದ ಬೆರಳ ತುದಿವರೆಗೆ ಹಗ್ಗ ಕತ್ತರಿಸಿ 300 ಸಲ ಅಳೆದರು. ಮೂರನೇ ತರಗತಿ ಹುಡುಗಿಯ ನಾವೆ ಹೆಚ್ಚು ಕಮ್ಮಿ ನೂರು ಮೀಟರಿಗೆ ಮುಗಿಯಿತು. ನನ್ನ ಮೊಳದಲ್ಲಿ ಅಳೆದ ನಾವೆ ಗೇಟು ದಾಟಿ ರಸ್ತೆಗೆ ಹೋಯಿತು, ಮೂವತ್ತು ಮೀಟರಿಗೂ ಜಾಸ್ತಿ ವ್ಯತ್ಯಾಸ. ಯಾರ ಮೊಳ ಸರಿ ಅಂತ ಜಗಳವೋ ಜಗಳ. ಸ್ಕೇಲು, ಮೀಟರು ಯಾಕೆ ಬೇಕು ಅಂತ ನಾನು ಬಾಯಿ ಬಿಟ್ಟು ವಿವರಿಸಬೇಕಾಗಲೇ ಇಲ್ಲ.

ಅಲ್ಲಿಂದ ತೂಕಕ್ಕೆ ಹೋದೆವು. ಧರ್ಮೋಪದೇಶಕಾಂಡ 25ರಲ್ಲಿ ಒಂದು ಮಾತಿದೆ, ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಹೀಗೆ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬೇಡ ಅಂತ. ದೊಡ್ಡದು ಯಾಕೆ, ಚಿಕ್ಕದು ಯಾಕೆ ಅಂತ ಮಕ್ಕಳೇ ಬಿಡಿಸಿದರು, ಕೊಳ್ಳುವಾಗ ಒಂದು, ಮಾರುವಾಗ ಇನ್ನೊಂದು. ಹಳೆಯ ತಕ್ಕಡಿ, ಬಟ್ಟು (ತೂಕದ ಕಲ್ಲು) ಎಲ್ಲ ಸೇರಿ ಸುಮಾರು 1800 ರೂಪಾಯಿಗೆ ಕೊಂಡೆ, ನನ್ನ ಅತಿ ಒಳ್ಳೆಯ ಖರ್ಚು ಅದೇ. ಬಟ್ಟಿನ ಮೇಲೆ ತೂಕ-ಅಳತೆ ಇಲಾಖೆಯ ಮುದ್ರೆ ಇರಬೇಕು ಅಂತ ಹೇಳಿಕೊಟ್ಟಿದ್ದೆ. ಹೇಳಬಾರದಿತ್ತೋ ಏನೋ, ಮಾರನೇ ದಿನ ಎರಡು ಹುಡುಗಿಯರು ಅಂಗಡಿಗೆ ಹೋಗಿ ಬಟ್ಟು ತಿರುಗಿಸಿ ನೋಡಿದ್ದಾರೆ. ಅಂಗಡಿಯವರು ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ.

ಐದನೇ ತರಗತಿಗೆ ದ್ರಾಕ್ಷಿ ತೋಟದ ಕೂಲಿಯವರು, ಮತ್ತಾಯ 20. ಬೆಳಗ್ಗೆ ಬಂದವನಿಗೂ, ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ. ದಿನದ ಕೂಲಿ 600 ಅಂತ ಇಟ್ಟೆ. "ಈಗ ಅಷ್ಟಕ್ಕೆ ಯಾರು ಬರ್ತಾರೆ ಟೀಚರ್" ಅಂದರು, ಆದರೆ ಹನ್ನೆರಡು ಗಂಟೆಗೆ ಸರಿಯಾಗಿ ಭಾಗವಾಗಬೇಕಲ್ಲ. ಗಂಟೆಗೆ ಎಷ್ಟು ಬಿತ್ತು? ಬೆಳಗ್ಗೆಯವನಿಗೆ 50. ಒಂಬತ್ತಕ್ಕೆ ಬಂದವನಿಗೆ 66 ರೂಪಾಯಿ 67 ಪೈಸೆ, ಅಲ್ಲಿ ದಶಮಾಂಶ ತಾನಾಗಿ ಬಂತು. ಆಮೇಲೆ 100, 200. ಕೊನೆಯವನಿಗೆ 600. ಬೋರ್ಡಿನ ಮೇಲೆ ಆ ಸಾಲು ನೋಡಿ ಹಾಲ್ ಪೂರ್ತಿ ಗಲಾಟೆ, ಮೋಸ ಅಂತ. ಒಬ್ಬಳ ಅಪ್ಪ ಬೆಳಗ್ಗೆ ಕೂಲಿಗೆ ಸರ್ಕಲ್‌ನಲ್ಲಿ ನಿಲ್ಲುವವರು. ಅವಳು, "ಐದು ಗಂಟೆವರೆಗೆ ಯಾರೂ ಕರೀಲಿಲ್ಲಾಂದ್ರೆ ಅವರ ಮನೆಗೆ ಅಕ್ಕಿ ಬೇಡ್ವಾ?" ಅಂದಳು. ಪಕ್ಕದವನು ತಕ್ಷಣ, "ಹಾಗಾದ್ರೆ ನಾಳೆ ಎಲ್ರೂ ಐದು ಗಂಟೆಗೇ ಬರ್ತಾರೆ" ಅಂದ. ನಾನು ತೀರ್ಪು ಕೊಡಲಿಲ್ಲ. ಆ ವಾದ ಮನೆಗಳಿಗೂ ಹೋಯಿತು, ಒಬ್ಬ ಗುತ್ತಿಗೆದಾರರು ಫೋನ್ ಮಾಡಿ ನನ್ನ ಹತ್ತಿರವೇ ವಾದಕ್ಕೆ ಇಳಿದರು! ಈ ಪಾಠದ ಕೊನೆಯ ಹತ್ತು ನಿಮಿಷ ನಾನು ಏನು ಮಾಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಬಂಡವಾಳ.

ನೀರಿನ ಚಕ್ರಕ್ಕೆ ಪ್ರಸಂಗಿ 1:7 ಒಗಟಿನ ಹಾಗಿದೆ. ನದಿಗಳೆಲ್ಲ ಸಮುದ್ರಕ್ಕೆ ಹೋದರೂ ಸಮುದ್ರ ತುಂಬುವುದಿಲ್ಲ. ನೇತ್ರಾವತಿ, ಫಲ್ಗುಣಿ ಎರಡೂ ನಮ್ಮ ಕಣ್ಣೆದುರೇ ಸಮುದ್ರ ಸೇರುತ್ತವೆ, ಹಾಗಾದರೆ ಯಾಕೆ ತುಂಬಲಿಲ್ಲ? ಒಂದು ಲೀಟರ್ ಸಮುದ್ರದ ನೀರನ್ನು ಸ್ಟೀಲ್ ತಟ್ಟೆಗಳಲ್ಲಿ ತಾರಸಿ ಮೇಲೆ ಇಟ್ಟೆವು. ಮೊದಲು ಮಾಡಿದ್ದು ಜುಲೈಯಲ್ಲಿ, ತಟ್ಟೆಯ ನೀರು ಆರುವ ಬದಲು ತುಂಬಿ ಹರಿಯಿತು. ಮಾರ್ಚ್‌ನಲ್ಲಿ ಮತ್ತೆ ಇಟ್ಟಾಗ ನೀರು ಹೋಗಿ ಉಪ್ಪು ಉಳಿಯಿತು, ನಮ್ಮ ತಕ್ಕಡಿಯಲ್ಲಿ ಮೂವತ್ತು ಗ್ರಾಂ ಚಿಲ್ಲರೆ. ಒಬ್ಬ ಹುಡುಗ ಅಳಿವೆಯ ನೀರು ತಂದಿದ್ದ, ಅವನ ತಟ್ಟೆಯಲ್ಲಿ ಉಪ್ಪು ಕಮ್ಮಿ. ಅವನಿಗೆ ಅಳುವೇ ಬಂತು. ನೇತ್ರಾವತಿಯ ಸಿಹಿನೀರು ಬೆರೆತಿದೆ ಅಂತ ಉಳಿದವರು ಕಂಡುಹಿಡಿದ ಮೇಲೆ ಅವನದೇ ಎಲ್ಲಕ್ಕಿಂತ ದೊಡ್ಡ ಪ್ರಯೋಗ ಆಯಿತು.

ಕನ್ನಡಕ್ಕೆ ಕೀರ್ತನೆ 119. ಇಬ್ರಿಯ ಭಾಷೆಯ 22 ಅಕ್ಷರ, ಒಂದೊಂದಕ್ಕೆ ಎಂಟು ವಚನ, ಒಟ್ಟು 176. ಅದೇ ರೀತಿ ನಮ್ಮ ವರ್ಣಮಾಲೆಯಲ್ಲಿ ಅಕ್ಷರಕ್ಕೊಂದು ಸಾಲು ಸ್ತುತಿ ಬರೆಯಿರಿ ಅಂದೆ. ಅ, ಆ, ಇ, ಈ ಸಲೀಸಾಗಿ ಹೋಯಿತು. ಋ ಬಂದಾಗ ಎಲ್ಲರೂ ಋಷಿಯನ್ನು ಹಿಡಿದರು, ಒಬ್ಬಳು ಮಾತ್ರ ಋತು ಅಂತ ಬರೆದಳು. ಙ, ಞ ಹತ್ತಿರ ಎಲ್ಲರೂ ಸೋತರು, ಬಿಟ್ಟುಬಿಟ್ಟೆವು.

ಮಧ್ಯೆ ಒಂದು ಹುಚ್ಚು ಪ್ರಯೋಗ. ಯೋಹಾನ 21ರಲ್ಲಿ ಯೇಸುವಿನ ಶಿಷ್ಯರ ಬಲೆಗೆ ಬಿದ್ದ 153 ಮೀನು. ಹುಣಸೆ ಬೀಜವನ್ನು ಒಂದು, ಎರಡು, ಮೂರು ಹೀಗೆ ಸಾಲಾಗಿ ಜೋಡಿಸುತ್ತಾ ಹೋದರೆ 17ನೇ ಸಾಲಿಗೆ ಸರಿಯಾಗಿ 153 ಆಗಿ ತ್ರಿಕೋನ ಮುಗಿಯುತ್ತದೆ. ಇದರಲ್ಲಿ ಏನೋ ಗುಟ್ಟಿದೆ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಮೀನು ಎಣಿಸಿದವರು ಬೆಸ್ತರು, ಅವರು ಎಣಿಸಿಯೇ ಎಣಿಸುತ್ತಾರೆ. ಆದರೆ ಸಂಕಲನಕ್ಕೆ ಇದಕ್ಕಿಂತ ಒಳ್ಳೆಯ ಆಟ ನನಗೆ ಸಿಕ್ಕಿಲ್ಲ.

ಊರಿನ ಇತಿಹಾಸಕ್ಕೆ ಹೆಂಚು ಸಾಕು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834, ಅವರ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಅನ್ನುವ ಕನ್ನಡ ಪತ್ರಿಕೆ ತಂದದ್ದು 1843, ಅವರ ಹೆಂಚಿನ ಕಾರ್ಖಾನೆ 1865, ಕಿಟೆಲ್‌ರ ಕನ್ನಡ-ಇಂಗ್ಲಿಷ್ ನಿಘಂಟು 1894. ಇದನ್ನು ಬಾಯಿಪಾಠ ಮಾಡಿಸಿದರೆ ಮರುದಿನಕ್ಕೆ ಹಾರಿಹೋಗುತ್ತದೆ. ಮನೆಯ ಹಳೆಯ ಹೆಂಚು ತನ್ನಿ ಅಂದೆ. ಮುದ್ರೆಯಲ್ಲಿ 1865 ನೋಡಿ ಒಬ್ಬ, ನಮ್ಮ ಮನೆ ಅಷ್ಟು ಹಳೆಯದು ಅಂತ ಊರೆಲ್ಲ ಹೇಳಿಕೊಂಡು ಬಂದ. ಅದು ಕಾರ್ಖಾನೆ ಶುರುವಾದ ವರ್ಷ ಮಾರಾಯ ಅಂತ ಸಮಾಧಾನ ಮಾಡಬೇಕಾಯಿತು. ಜಾತಿ ಬಿಟ್ಟು ಕ್ರೈಸ್ತರಾದವರಿಗೆ ಕೆಲಸ ಇಲ್ಲದೆ ಹೋದದ್ದು, ನೇಯ್ಗೆ, ಹೆಂಚು ಯಾಕೆ ಶುರುವಾಯಿತು ಅನ್ನುವುದು, ಎಲ್ಲವೂ ಆ ಹೆಂಚನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದೆವು.

ಮುಖ್ಯವಾದ ಒಂದು ಮಾತು. ನನ್ನಲ್ಲಿ ಈಗ ಹಿಂದೂ ಮಕ್ಕಳಿದ್ದಾರೆ, ಒಬ್ಬ ಬ್ಯಾರಿ ಮುಸ್ಲಿಂ ಹುಡುಗನೂ ಬರುತ್ತಾನೆ, ಲೆಕ್ಕಕ್ಕೋಸ್ಕರ. ಏನು ಓದಿಸುತ್ತೇನೆ ಅಂತ ಮನೆಯವರಿಗೆ ತೋರಿಸಿ ಸಹಿ ತೆಗೆದುಕೊಳ್ಳುತ್ತೇನೆ. ಪ್ರಾರ್ಥನೆ ಹೊತ್ತಿಗೆ ಬೇಕಾದವರು ಇರಬಹುದು, ಬೇಡದವರು ಹೊರಗೆ ಆಡಬಹುದು. ಶಾಲೆಯಲ್ಲೇ ಇದನ್ನು ಮಾಡಲು ಹೊರಟವರು ಸಂವಿಧಾನದ 28ನೇ ವಿಧಿ ಓದಿಕೊಳ್ಳಿ. ಸರ್ಕಾರದ ಹಣದಿಂದಲೇ ಪೂರ್ತಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಕೂರಿಸುವ ಹಾಗಿಲ್ಲ. ಕದ್ದುಮುಚ್ಚಿ ಮಾಡುವುದು ಬೇಡವೇ ಬೇಡ.

ಈಗಿನ ಲೆಕ್ಕ ಹೇಳಿಬಿಡುತ್ತೇನೆ. ಮಕ್ಕಳು ಇಪ್ಪತ್ತೈದರ ಆಸುಪಾಸು, ಫೀಸು 350, ಆಗದವರಿಗೆ ಇಲ್ಲ. ಕೈಗೆ ತಿಂಗಳಿಗೆ ಏಳು ಸಾವಿರದ ಹತ್ತಿರ ಬರುತ್ತದೆ. ಹಾಲಿನ ಕರೆಂಟಿಗೆ ಐನೂರು, ಜೆರಾಕ್ಸ್‌ಗೆ ಆರುನೂರು ಕೊಡುತ್ತೇನೆ. ರದ್ದಿಗೆ ಹೋದ ಸೆಟ್ಟಿನ ದುಡ್ಡು ವಾಪಸ್ ಬಂದು ಬಹಳ ಕಾಲ ಆಯಿತು. ಶಾಲೆಯ ಗಣಿತ ಮೇಷ್ಟ್ರು ಒಬ್ಬರು, ಈ ಮಕ್ಕಳು ಉತ್ತರ ಬರೆದ ಮೇಲೆ ಸರಿಯೋ ಅಂತ ತಾವೇ ತಾಳೆ ನೋಡುತ್ತಾರಲ್ಲ, ಯಾರು ಕಲಿಸಿದ್ದು ಅಂತ ಕೇಳಿದರಂತೆ.

ಇನ್ನೂ ಒಗ್ಗದೇ ಇರುವುದು ಒಂದನೇ ತರಗತಿ. ಯೇಸು ಸಾವಿರಾರು ಜನರಿಗೆ ಊಟ ಹಂಚಿದ ಕಥೆಯಲ್ಲಿ ಐದು ರೊಟ್ಟಿ, ಎರಡು ಮೀನು ಅಂದರೆ ಏಳು ಅಂತ ಕೂಡಿಸುತ್ತಾರೆ, ಅಲ್ಲಿಗೆ ನಿಲ್ಲುತ್ತಾರೆ. ಎಲ್ಲರೂ ತಿಂದ ಮೇಲೂ ಹನ್ನೆರಡು ಬುಟ್ಟಿ ಉಳಿಯಿತು ಅಂದರೆ ಲೆಕ್ಕ ತಪ್ಪಾಗಿದೆ ಅಂತ ನನಗೇ ಪಾಠ ಹೇಳುತ್ತಾರೆ. ನಿಮ್ಮಲ್ಲಿ ಯಾರಾದರೂ ಆ ವಯಸ್ಸಿನವರಿಗೆ ಇದನ್ನು ದಾಟಿಸಿದ್ದರೆ ಹೇಗೆ ಅಂತ ಬರೆಯಿರಿ, ಬದಲಿಗೆ ದ್ರಾಕ್ಷಿ ತೋಟದ ಹತ್ತು ನಿಮಿಷ ಹೇಳಿಕೊಡುವ ಬಗ್ಗೆ ಯೋಚಿಸುತ್ತೇನೆ.