ಅಂಡಮಾನ್‌ಗೆ ಹಡಗಿನಲ್ಲಿ ಹೋಗುವವರಿಗೆ ಒಂದಿಷ್ಟು ಸಲಹೆ

ಅಂಡಮಾನ್‌ಗೆ ಹಡಗಿನಲ್ಲಿ ಹೋಗುವಾಗ ಏನೇನು ನೋಡಿಕೊಳ್ಳಬೇಕು ಅಂತ ಮೂಡಿಗೆರೆ ಕಡೆಯವರೊಬ್ಬರು ಕೇಳಿದ್ದರು, ಅದಕ್ಕೆ ಬರೆಯುತ್ತಿದ್ದೇನೆ. ಚೆನ್ನೈನಿಂದ ಪೋರ್ಟ್ ಬ್ಲೇರ್ (ಈಗಿನ ಹೆಸರು ಶ್ರೀ ವಿಜಯ ಪುರಂ) ಸುಮಾರು 1,200 ಕಿಲೋಮೀಟರ್. ಎರಡೂವರೆ ಮೂರು ದಿನ ಸುತ್ತಲೂ ಬರೀ ನೀರು.

ಚಾರ್ಮಾಡಿ ಘಾಟಿಯ ತಿರುವಿನಲ್ಲೇ ವಾಂತಿ ಬರುವವರು ಮೊದಲೇ ತಯಾರಾಗಿ. ಹಡಗಿನ ಅಲುಗಾಟ ಒಳಕಿವಿಗೆ ಗೊತ್ತಾಗುತ್ತದೆ, ಆದರೆ ಕ್ಯಾಬಿನ್ ಗೋಡೆ ನೋಡುವ ಕಣ್ಣಿಗೆ ಎಲ್ಲ ನಿಂತ ಹಾಗೇ ಕಾಣುತ್ತದೆ, ಆ ಗೊಂದಲಕ್ಕೇ ಹೊಟ್ಟೆ ತೊಳಸುವುದು. ಹಾಗಾಗಿ ಸುಮ್ನೆ ಮಲಗಿ ಮೊಬೈಲ್ ನೋಡಬೇಡಿ. ಡೆಕ್‌ಗೆ ಬಂದು ಆಕಾಶ, ಸಮುದ್ರ ಸೇರುವ ಗೆರೆ ನೋಡುತ್ತಾ ಗಾಳಿಗೆ ಕೂತುಕೊಳ್ಳಿ. ಹಡಗಿನ ಮಧ್ಯದಲ್ಲಿ, ಕೆಳಗಿನ ಡೆಕ್‌ನಲ್ಲಿ ಜಾಗ ಸಿಕ್ಕರೆ ಬಿಡಬೇಡಿ, ಅಲ್ಲಿ ಅಲುಗಾಟ ಕಡಿಮೆ. ಮೂತಿಯ ಕಡೆ ಜಾಸ್ತಿ. ಡಾಕ್ಟರನ್ನು ಕೇಳಿ ಮಾತ್ರೆ ತಗೊಳ್ಳಿ, ಅದೂ ವಾಂತಿ ಶುರುವಾದ ಮೇಲಲ್ಲ, ಹಡಗು ಹೊರಡುವ ಮೊದಲೇ. ಖಾಲಿ ಹೊಟ್ಟೆಯಲ್ಲೂ ಇರಬೇಡಿ. ನನಗೆ ಮೊದಲ ದಿನ ಕ್ಯಾಂಟೀನ್ ಊಟ ಸೇರಲೇ ಇಲ್ಲ, ಮನೆಯಿಂದ ಒಯ್ದಿದ್ದ ಒಗ್ಗರಣೆ ಅವಲಕ್ಕಿ, ಶುಂಠಿ ತುಂಡೇ ಕಾಪಾಡಿದ್ದು.

ಇನ್ನೊಂದು, ವಯಸ್ಸಾದವರು ಜೊತೆಗಿದ್ದರೆ ಇದನ್ನು ಮರೆಯಬೇಡಿ. ನೀರು ಒಳಗೆ ನುಗ್ಗದಿರಲಿ ಅಂತ ಡೆಕ್‌ನ ಕಬ್ಬಿಣದ ಬಾಗಿಲುಗಳಿಗೆ ಎತ್ತರದ ಹೊಸ್ತಿಲು ಇರುತ್ತದೆ, ನಮ್ಮ ಹಳೇ ತೊಟ್ಟಿಮನೆಯದಕ್ಕಿಂತ ಎತ್ತರ. ಅಮ್ಮ ಎಡವಿ ಮಂಡಿಗೆ ಪೆಟ್ಟು ಮಾಡಿಕೊಂಡರು. ಮೆಟ್ಟಿಲಲ್ಲಿ ಒಂದು ಕೈ ಯಾವಾಗಲೂ ಕಂಬಿ ಹಿಡಿದಿರಲಿ, ಹವಾಯಿ ಚಪ್ಪಲಿ ಬೇಡ.

ದಡ ಮರೆಯಾದರೆ ಫೋನ್ ಸಿಗ್ನಲ್ ಇರುವುದಿಲ್ಲ, ಮನೆಯವರಿಗೆ ಹೇಳಿಯೇ ಹೊರಡಿ. ಕೈಯಲ್ಲಿ ನಗದು ಇರಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಟ, ಜನವರಿ ಕಳೆದ ಮೇಲೆ ಟಿಕೆಟ್ ನೋಡಿ.